ಗಿಲಕಿಯ ಪೂರ್ವಪಕ್ಷ

ಮೇಲ್ಮಹಡಿಯ ಕೋಣೆಯಿಂದ,
ನವೆಂಬರ್ ೯, ಭಾನುವಾರ ಬೆಳಗ್ಗೆ

ಪ್ರೀತಿಯ ಅಳಿಯಂದಿರಿಗೆ,

ಆಶೀರ್ವಾದಗಳು. ಮೊದಲು ನಿಮ್ಮ ಮೊಣಕಾಲಿನ ವಿಚಾರ. ಗುಡ್ಡದ ಇಳಿಜಾರಿನಲ್ಲಿ ಜಾರಿಬಿದ್ದ ಸಂಗತಿಯನ್ನು ನೀವು ನನಗೆ ಬರೆಯಲಿಲ್ಲ. ನಿಮ್ಮ ಅತ್ತೆಗೆ ಫೋನಿನಲ್ಲಿ ಹೇಳಿ, ‘ಮಾವನಿಗೆ ಹೇಳ್ಬೇಡಿ’ ಎಂದಿರಂತೆ. ಈ ಮನೆಯಲ್ಲಿ ಹೇಳಬೇಡಿ ಎಂದ ಮಾತು ಎಲ್ಲಕ್ಕಿಂತ ಮೊದಲು ನನ್ನ ಕಿವಿ ಮುಟ್ಟುತ್ತದೆ ಎಂಬುದು ಇಷ್ಟು ವರ್ಷದ ನೆಂಟಸ್ತಿಕೆಯಲ್ಲಿ ನಿಮಗೆ ತಿಳಿದಿರಬೇಕಿತ್ತು. ಊತ ಇಳಿದಿದೆಯೇ? ಮೂಳೆಗೇನೂ ಆಗಿಲ್ಲವೆಂದು ವೈದ್ಯರು ಹೇಳಿದರೋ, ಅಥವಾ ನೀವೇ ಹೇಳಿಕೊಂಡಿರೋ? ಗಿಡದ ಮೇಲೆ ಕಣ್ಣಿಟ್ಟು ನಡೆಯುವವರು ಹೆಜ್ಜೆಯ ಮೇಲೂ ಒಂದಿಷ್ಟು ಕಣ್ಣಿಡಬೇಕು. ಇಲ್ಲಿ ನಿಮ್ಮ ಅತ್ತೆಯ ರಕ್ತದೊತ್ತಡ ಹತೋಟಿಯಲ್ಲಿದೆ. ನನ್ನದನ್ನು ಅಳೆಸಿಕೊಂಡಿಲ್ಲ, ಆದ್ದರಿಂದ ಅದೂ ಹತೋಟಿಯಲ್ಲಿದೆ ಎಂದೇ ನನ್ನ ವಾದ. ನಿಮ್ಮ ಮಗಳು ಗಿಲಕಿಗೆ ಶೀತವಾಗಿತ್ತು, ಈಗ ಇಲ್ಲ. ಕೆಳಗಿನ ಮುಂಭಾಗದ ಹಲ್ಲೊಂದು ಬಿದ್ದಿದೆ. ಬಿದ್ದ ಹಲ್ಲನ್ನು ಅವಳು ನಿಮಗೆ ತೋರಿಸಲೆಂದು ಬೆಂಕಿಪೊಟ್ಟಣದಲ್ಲಿ ಎತ್ತಿಟ್ಟಿದ್ದಾಳೆ. ಒಮ್ಮೆ ಎಸೆಯಲು ಹೋದ ನನಗೆ ಚೆನ್ನಾಗಿ ಬೈಸಿಕೊಳ್ಳುವ ಯೋಗವೂ ಒದಗಿತು.

ಇನ್ನು ನಿಮ್ಮ ಪತ್ರಕ್ಕೆ ಬರುತ್ತೇನೆ. ಅದು ಕೈಸೇರಿ ಬಹಳ ದಿನಗಳಾದವು. ಬರುವ ರಜೆಯಲ್ಲಿ ಮಗಳನ್ನು ನಿಮ್ಮ ಬಳಿಗೆ ಕರೆದೊಯ್ದು ಅಲ್ಲಿಯೇ ಶಾಲೆಗೆ ಸೇರಿಸುವ ಇಚ್ಛೆಯನ್ನು ತಿಳಿಸಿದ್ದೀರಿ. ಸಂಶೋಧನಾ ಕೇಂದ್ರದವರು ಎರಡು ಕೋಣೆಗಳ ವಸತಿ ಕೊಟ್ಟಿದ್ದಾರೆ, ಶಾಲೆ ನಡೆದು ಹೋಗುವಷ್ಟು ಹತ್ತಿರದಲ್ಲಿದೆ ಎಂದಿದ್ದೀರಿ. ಕೊನೆಯ ಸಾಲಿನಲ್ಲಿ ‘ನಿಮ್ಮಿಬ್ಬರ ಒಪ್ಪಿಗೆ ಇದ್ದರೆ ಮಾತ್ರ’ ಎಂದು ಸೇರಿಸಿದ್ದೀರಿ. ಆ ಸಾಲು ಇಲ್ಲದಿದ್ದರೆ ನನಗೆ ಉತ್ತರ ಸುಲಭವಾಗುತ್ತಿತ್ತು. ಹಕ್ಕಿನಿಂದ ಕೇಳಿದ್ದನ್ನು ನಿರಾಕರಿಸಲು ನನಗೆ ಬರುತ್ತದೆ. ವಿನಯದಿಂದ ಕೇಳಿದ್ದನ್ನು ನಿರಾಕರಿಸುವ ಕಲೆಯನ್ನು ನನಗೆ ಯಾರೂ ಕಲಿಸಲಿಲ್ಲ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನನ್ನ ದನಿ ಏರುತ್ತದೆ, ನೀವು ‘ಹೂಂ ಮಾವ, ಸರಿ ಮಾವ’ ಎಂದು ಸುಮ್ಮನಾಗುತ್ತೀರಿ. ಸುಮ್ಮನಿರುವವರ ಎದುರು ಇಂದಿನವರೆಗೂ ಯಾರೂ ವಾದ ಗೆದ್ದಿಲ್ಲ. ಆದ್ದರಿಂದ ಕಾಗದ.

ಕಾಲೇಜಿನ ದಿನಗಳಲ್ಲಿ ನಾನು ಚರ್ಚಾ ತಂಡದ ನಾಯಕನಾಗಿದ್ದೆನೆಂಬುದನ್ನು ನಿಮ್ಮ ಮದುವೆಗೆ ಮೊದಲೇ ಎಲ್ಲರಿಂದಲೂ ಕೇಳಿ ನಿಮಗೆ ಸಾಕಾಗಿದೆ. ಆದರೆ ನಮ್ಮ ತರ್ಕಶಾಸ್ತ್ರದ ಮೇಷ್ಟ್ರ ನಿಯಮವೊಂದನ್ನು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ‘ಎದುರಿನವನ ಮಾತನ್ನ ಅವನಿಗಿಂತ ಚೆನ್ನಾಗಿ ಹೇಳೋಕೆ ಬರೋವರೆಗೂ ನೀನು ನಿನ್ನ ಬಾಯಿ ಬಿಡಬೇಡ’ ಎನ್ನುತ್ತಿದ್ದರು. ಮೊದಲು ಪೂರ್ವಪಕ್ಷ, ಎಂದರೆ ಎದುರಾಳಿಯ ವಾದ, ಅದರ ಪೂರ್ಣ ಬಲದೊಂದಿಗೆ, ಆಮೇಲೆ ಖಂಡನೆ. ಮುಂದೆ ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಅಂಗಡಿ ಅಂಗಡಿಯ ತಕ್ಕಡಿ ಪರೀಕ್ಷಿಸುತ್ತಿದ್ದಾಗಲೂ ನಾನು ಇದನ್ನೇ ಪಾಲಿಸಿದೆ: ವ್ಯಾಪಾರಿಯ ತಕ್ಕಡಿಯನ್ನು ಮುಟ್ಟುವ ಮುನ್ನ ನನ್ನ ಚೀಲದ ತೂಕದ ಬಟ್ಟುಗಳನ್ನು ತೂಗಿ ನೋಡಿಕೊಳ್ಳುತ್ತಿದ್ದೆ. ಮನೆಯಲ್ಲಿ ಮಾತ್ರ ಈ ನಿಯಮ ಅಷ್ಟಾಗಿ ನಡೆಯಲಿಲ್ಲವೆಂದು ನಿಮ್ಮ ಅತ್ತೆಯ ದೂರು. ‘ಮನೆಯೇನು ವೇದಿಕೇನಾ? ಗಂಟೆ ಬಾರಿಸೋರು ಯಾರೂ ಇಲ್ಲ ಅಂತ ಹೇಳ್ತಾನೇ ಹೋಗ್ತೀರಿ’ ಎನ್ನುತ್ತಾಳೆ. ಗಂಟೆ ಬಾರಿಸುತ್ತಿದ್ದವಳು ಒಬ್ಬಳಿದ್ದಳು. ನೀವು ಮೊದಲ ಬಾರಿಗೆ ಈ ಮನೆಗೆ ಬಂದು ಹೋದ ಸಂಜೆ ನಾನು ಮಗಳ ಎದುರು, ‘ಜನ ಕೂಲಿ ಕೊಟ್ಟು ಕಳೆ ಕೀಳಿಸ್ತಾರೆ, ಈ ಮನುಷ್ಯ ಕಳೆ ಹುಡುಕ್ಕೊಂಡು ಗುಡ್ಡ ಹತ್ತುತ್ತಾನೆ, ಅದೂ ಜೀವಮಾನವಿಡೀ ಒಂದೇ ಕುಲದ ಕಳೆ’ ಎಂದೆ. ಅವಳು ಲೋಟಕ್ಕೆ ಚಮಚದಿಂದ ಟಣ್ ಎಂದು ಬಾರಿಸಿ, ‘ಸಮಯ ಮುಗೀತು ಅಪ್ಪಾ. ನೀವೂ ಜೀವಮಾನವಿಡೀ ಒಂದೇ ವಿಷಯ ಹಿಡಿದಿದ್ದೀರಲ್ಲ, ನೀವು ಹೇಳಿದ್ದೇ ಸರಿ ಅನ್ನೋದು. ಅವರ ವಿಷಯದಲ್ಲಾದ್ರೂ ಹೂ ಬಿಡುತ್ತೆ’ ಎಂದಳು. ಆ ಚರ್ಚೆಯ ತೀರ್ಪು ನಿಮಗೆ ಗೊತ್ತೇ ಇದೆ.

ಹೀಗಾಗಿ ನಿಯಮದಂತೆ ಮೊದಲು ನಿಮ್ಮ ಪಕ್ಷವನ್ನೇ ಬರೆಯಲು ಕುಳಿತೆ, ಬರೆಯಲಾಗಲಿಲ್ಲ. ಹಾಳೆ ಹರಿದು ನನ್ನ ಪಕ್ಷವನ್ನು ಬರೆದೆ. ಅದು ನೀರಿನಂತೆ ಹರಿಯಿತು. ಇಲ್ಲಿ ಶಾಲೆ ಒಗ್ಗಿದೆ. ವೈದ್ಯರು ರಸ್ತೆಯ ಆಚೆ ಬದಿಗಿದ್ದಾರೆ. ಅಜ್ಜಿಯ ಕೈ ಎಂದಿಗೂ ಅವಳ ತಲೆಗೂದಲಿನಿಂದ ದೂರವಿಲ್ಲ. ನೀವಾದರೋ ಹೂ ಬಿಡುವ ಕಾಲಕ್ಕೆ ಒಂದು ಗುಡ್ಡ, ಕಾಯಿ ಬಲಿಯುವ ಕಾಲಕ್ಕೆ ಇನ್ನೊಂದು ಗುಡ್ಡ. ಆರು ವರ್ಷದ ಹುಡುಗಿಗೆ ಜಡೆ ಹೆಣೆಯುವವರು ಯಾರು? ಗಿಡ ಒಣಗಿಸುವ ಹಲಗೆಗಳ ನಡುವೆ ಓಡಾಡಿ, ದನ ತಿಂದರೆ ದನವೇ ಮಲಗಿಬಿಡುವ ಬೀಜವನ್ನು ಬಾಯಿಗೆ ಹಾಕಿಕೊಂಡರೆ? ಒಂದಕ್ಕಿಂತ ಒಂದು ಗಟ್ಟಿಯಾದ ಕಾರಣಗಳು. ಇನ್ನೊಂದು ಕಾರಣವಿದೆ. ಅದನ್ನು ಪಟ್ಟಿಗೆ ಸೇರಿಸಲಿಲ್ಲ, ಏಕೆಂದರೆ ಅದು ವಾದವಲ್ಲ. ನನ್ನ ಮಗಳು ತೀರಿಹೋದ ಮೇಲೆ ಈ ಮನೆಯಲ್ಲಿ ಯಾರೂ ನನ್ನ ಮಾತಿಗೆ ಅಡ್ಡ ಬರುತ್ತಿರಲಿಲ್ಲ. ಹೇಳಿದ್ದಕ್ಕೆಲ್ಲ ನಿಮ್ಮ ಅತ್ತೆ ತಲೆಯಾಡಿಸುತ್ತಿದ್ದಳು. ಅಡ್ಡಮಾತಿಲ್ಲದ ಮನೆ ಎಷ್ಟು ದೊಡ್ಡದಾಗಿಬಿಡುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಆಮೇಲೆ ಈ ಹುಡುಗಿ ಮಾತು ಕಲಿತು, ಊಟಕ್ಕೆ ಕುಳಿತಾಗ ‘ಯಾಕೆ?’ ಎಂದು ಕೇಳಲಾರಂಭಿಸಿದಳು.

ಈಗ ನಡೆದ ಸಂಗತಿ. ನಾನು ದಿನವೂ ಮಧ್ಯಾಹ್ನ ಅವಳನ್ನು ಶಾಲೆಯಿಂದ ನಡೆಸಿಕೊಂಡು ಬರುತ್ತೇನೆ. ದಾರಿಯಲ್ಲಿ, ಹಳೆಯ ಗೋದಾಮಿನ ಹಿಂದೆ ಜಲ್ಲಿಕಲ್ಲು ಚೆಲ್ಲಿದ ಒಂದು ಖಾಲಿ ಜಾಗವಿದೆ. ಯಾರೂ ನೀರೆರೆಯದ, ಯಾರೂ ಲೆಕ್ಕಕ್ಕಿಡದ ಆ ನೆಲದಲ್ಲಿ ನಿಮ್ಮ ಗಿಲಕಿ ಗಿಡಗಳು ಸೊಂಟದೆತ್ತರ ಬೆಳೆದು ಹಳದಿ ಹೂವಿನ ಗೊಂಚಲು ಹೊತ್ತು ನಿಂತಿವೆ. ಮೊದಲ ದಿನ ನಾನು ‘ಬಾ, ಕಳೆ ಅದು’ ಎಂದು ಕೈ ಎಳೆದೆ. ‘ಕಳೆ ಅಲ್ಲ ಅಜ್ಜ. ಇದು ನಮ್ಮಪ್ಪನ ಗಿಡ. ನನ್ನ ಹೆಸರಿನ ಗಿಡ’ ಎಂದಳು. ತೊಟ್ಟಿಲಲ್ಲಿ ಅಳುವಾಗ ನೀವು ಒಣಗಿದ ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿದರೆ ಅವಳು ಅಳು ನಿಲ್ಲಿಸುತ್ತಿದ್ದಳು, ಹಾಗೆಂದೇ ಈ ಅಡ್ಡಹೆಸರು ಬಂದಿತೆಂಬುದನ್ನು ಅವಳೇ ನನಗೆ ವಿವರಿಸಿದಳು. ನಾನು ಆ ತೊಟ್ಟಿಲಿನ ಪಕ್ಕದಲ್ಲೇ ನಿಂತಿದ್ದವನು. ಆಮೇಲೆ ಹೂವಿನ ಪಾಠ. ಮೇಲಿನ ದೊಡ್ಡ ಎಸಳು ಬಾವುಟ, ಅಕ್ಕಪಕ್ಕದವು ರೆಕ್ಕೆ, ಕೆಳಗೆ ಒಂದಕ್ಕೊಂದು ಅಂಟಿಕೊಂಡ ಎರಡು ಸೇರಿ ದೋಣಿ. ‘ದೋಣೀನ ಮೆತ್ತಗೆ ಒತ್ತಿ ಅಜ್ಜ. ಮೆತ್ತಗೆ ಅಂದೆ!’ ಒತ್ತಿದೆ. ದೋಣಿಯ ಚೂಪಾದ ಮೂತಿಯಿಂದ ಹಳದಿ ಪರಾಗ ಹಲ್ಲುಜ್ಜುವ ಪೇಸ್ಟಿನಂತೆ ಸಣ್ಣಗೆ ಹೊರಬಂತು. ದುಂಬಿ ಬಂದು ಕೂತರೆ ಅದರ ಹೊಟ್ಟೆಗೆ ಹೀಗೆಯೇ ಮೆತ್ತಿಕೊಳ್ಳುತ್ತದಂತೆ. ನೀವು ಬೇಸಿಗೆಯಲ್ಲಿ ಬಂದಾಗ ಚಿತ್ರ ಬರೆದು ತೋರಿಸಿದ್ದಿರಂತೆ. ಅಡುಗೆಮನೆಯ ಬಟಾಣಿ, ಹುರುಳಿ, ಅವರೆ ಎಲ್ಲವೂ ಇದರ ನೆಂಟರೇ, ಆದರೆ ‘ಇದು ತಿನ್ನೋ ನೆಂಟ ಅಲ್ಲ, ನೋಡೋ ನೆಂಟ’ ಎಂದು ಹೇಳಿ ಬೆರಳು ಒರೆಸಿಕೊಂಡಳು. ಬೀಜ ಬಾಯಿಗೆ ಹಾಕಿಕೊಂಡರೆ ಎಂಬ ನನ್ನ ವಾದ ಅಲ್ಲಿಯೇ ಬಿದ್ದುಹೋಯಿತು. ಪ್ರಾಮಾಣಿಕತೆಗಾಗಿ ಇದನ್ನು ದಾಖಲಿಸುತ್ತಿದ್ದೇನೆ.

ಆಗ ನನಗೊಂದು ಉಪಾಯ ಹೊಳೆಯಿತು. ಗಿಡವನ್ನೇ ಮನೆಗೆ ತಂದರೆ? ಅಪ್ಪನ ಗಿಡ ಬಾಲ್ಕನಿಯಲ್ಲೇ ಇದ್ದರೆ ಅದನ್ನು ಹುಡುಕಿಕೊಂಡು ಗುಡ್ಡಕ್ಕೆ ಹೋಗುವ ಹಂಬಲ ಕಡಿಮೆಯಾದೀತು. ಅವಳು ಶಾಲೆಯಲ್ಲಿದ್ದಾಗ ನಿಮ್ಮ ಅತ್ತೆಯ ದೋಸೆ ಮಗುಚುವ ಸಟ್ಟುಗ ಹಿಡಿದುಕೊಂಡು ಹೋದೆ. ತಕ್ಕಡಿಯ ಮುಳ್ಳು ಕೂದಲೆಳೆಯಷ್ಟು ವಾಲಿದರೂ ಹಿಡಿಯುತ್ತಿದ್ದ ಮನುಷ್ಯ ಜಲ್ಲಿಕಲ್ಲಿನ ನಡುವೆ ಮಂಡಿಯೂರಿ, ಗೋದಾಮಿನ ಕಾವಲುಗಾರನಿಂದ ‘ಏನ್ ಸ್ವಾಮಿ, ನಿಧಿ ಸಿಕ್ತಾ?’ ಎನಿಸಿಕೊಂಡ. ಬೇರು ಇಳಿಯುತ್ತಲೇ ಹೋಯಿತು. ತುದಿ ಕಾಣುವ ಮುನ್ನವೇ ಸಟ್ಟುಗ ಬಾಗಿತು, ಬೇರು ತುಂಡಾಯಿತು. ಆದರೂ ಕುಂಡದಲ್ಲಿ ನೆಟ್ಟೆ, ಒಳ್ಳೆಯ ಗೊಬ್ಬರ ಹಾಕಿದೆ, ನೆರಳಿನಲ್ಲಿಟ್ಟೆ. ಗಿಲಕಿ ಬಂದು ಒಂದು ಎಲೆಯನ್ನು ಮುಟ್ಟಿ ನೋಡಿ ಚೀಲ ಇಡಲು ಒಳಗೆ ಹೋದಳು. ಮರುದಿನ ಎಲೆಗಳು ಜೋತುಬಿದ್ದವು. ಅದರ ಮರುದಿನ ನಾನು ಅವಳಿಗೆ ವಿಶ್ರಾಂತಿ, ಹೊಂದಾಣಿಕೆ, ಹೊಸ ಮಣ್ಣಿನ ಪರಿಚಯ ಇತ್ಯಾದಿ ಅಂಶಗಳನ್ನು ವಿವರಿಸಿ, ಗಿಡ ಬದುಕಿದೆ ಎಂದು ಸಾಧಿಸಿದೆ. ಪೂರ್ತಿ ಕೇಳಿಸಿಕೊಂಡಳು. ‘ಅಜ್ಜ, ನೀವು ಹೇಳಿದ್ರೆ ಬದುಕಲ್ಲ ಅದು’ ಎಂದಳು. ಅಡುಗೆಮನೆಯಲ್ಲಿ ನಿಮ್ಮ ಅತ್ತೆ ಪಾತ್ರೆ ಜೋರಾಗಿ ಉಜ್ಜತೊಡಗಿದಳು. ನಗು ತಡೆಯಲು ಅವಳು ಮಾಡುವ ಉಪಾಯ ಅದೊಂದೇ.

ಒಪ್ಪಿಕೊಳ್ಳುತ್ತೇನೆ, ಆ ಕುಂಡವನ್ನು ನೋಡುತ್ತ ನನಗೊಂದು ಅದ್ಭುತವಾದ ವಾದ ದೊರೆಯಿತು: ಬೇರೂರಿದ್ದನ್ನು ಕಿತ್ತು ಬೇರೆಡೆ ನೆಟ್ಟರೆ ಬಾಡುತ್ತದೆ, ಆದ್ದರಿಂದ ಮಗುವನ್ನು ಇಲ್ಲಿಂದ ಕೀಳಬೇಡಿ. ನಿಮಗೆ ಬರೆದೂ ಬಿಟ್ಟೆ, ಸೊಗಸಾದ ವಾಕ್ಯದಲ್ಲಿ. ಆಮೇಲೆ ಹೊಡೆದುಹಾಕಿದೆ. ಉಪಮೆ ಸಾಕ್ಷಿಯಲ್ಲ. ಅದೇ ಗಿಡವನ್ನು ನೀವೂ ಸಾಕ್ಷಿಗೆ ಕರೆಯಬಲ್ಲಿರಿ: ಕಾಯಿ ಬಲಿತು ಒಣಗಿ ಸಿಡಿದು ಬೀಜವನ್ನು ತಾಯಿಗಿಡದಿಂದ ಆಚೆಗೆ ಎಸೆಯುವುದೇ ಈ ಕುಲದ ಧರ್ಮ ಎನ್ನಬಹುದು. ಬಡ ಮಣ್ಣಿನಲ್ಲೂ ತನ್ನ ಬೇರಿನ ಗಂಟುಗಳಿಂದ ನೆಲವನ್ನೇ ಹದಮಾಡಿಕೊಂಡು ಬಾಳುತ್ತದೆ, ಗೊಬ್ಬರದ ಕುಂಡ ಅದಕ್ಕೆ ಬೇಕಿಲ್ಲ ಎನ್ನಬಹುದು. ಎರಡೂ ಕಡೆಗೆ ಸಾಕ್ಷಿ ನುಡಿಯುವವರನ್ನು ನಂಬಬಾರದು. ಗಿಡ ಗಿಡವಾಗಿಯೇ ಇರಲಿ. ನಾವು ಮನುಷ್ಯರ ಮಾತು ಆಡೋಣ.

ನಡಿಗೆಯ ಹೊತ್ತಿನಲ್ಲಿ ನಮ್ಮಿಬ್ಬರ ನಡುವೆ ಒಂದು ಆಟ ರೂಢಿಯಾಗಿದೆ. ಶಾಲೆಯ ಗೇಟಿನಿಂದ ಮನೆಯ ಮೆಟ್ಟಿಲವರೆಗೆ ಒಂದು ವಿಷಯ, ಎರಡು ಪಕ್ಷ. ಬೆಕ್ಕು ಮೇಲೋ ನಾಯಿಯೋ. ಬೆಳಗ್ಗೆ ಉಜ್ಜಿದ ಹಲ್ಲನ್ನು ರಾತ್ರಿ ಮತ್ತೆ ಉಜ್ಜಬೇಕೋ ಬೇಡವೋ. ಗೋದಾಮಿನ ಬಳಿಯ ದೀಪದ ಕಂಬವೇ ಅಧ್ಯಕ್ಷರು. ಒಣಗಿದ ಗಿಲಕಿ ಕಾಯಿಯೇ ಗಂಟೆ: ಯಾರ ಮಾತು ಉದ್ದವಾಯಿತೋ ಅವರ ಮುಖದೆದುರು ಗಿಲಗಿಲ ಎನಿಸಬೇಕು. ಮೇಷ್ಟ್ರ ನಿಯಮವನ್ನೂ ಅವಳಿಗೆ ಹೇಳಿಕೊಟ್ಟಿದ್ದೇನೆ, ಎದುರಿನವರ ಮಾತನ್ನು ಮೊದಲು ಹೇಳಬೇಕೆಂದು. ಅವಳ ತಾಯಿಗೂ ಆ ವಯಸ್ಸಿನಲ್ಲೇ ಹೇಳಿಕೊಟ್ಟಿದ್ದೆ. ಇಬ್ಬರೂ ನಿಲ್ಲುವ ಭಂಗಿ ಒಂದೇ: ಎಡಗೈಯಿಂದ ಬಲ ಮೊಣಕೈ ಹಿಡಿದುಕೊಂಡು, ಹಿಮ್ಮಡಿ ಎತ್ತಿ.

ಕಳೆದ ಗುರುವಾರ ವಿಷಯ ಆರಿಸುವ ಸರದಿ ಅವಳದು. ‘ಗಿಲಕಿ ಎಲ್ಲಿರಬೇಕು?’ ಎಂದಳು. ನಾನೂ ನಿಮ್ಮ ಅತ್ತೆಯೂ ಮಲಗುವ ಕೋಣೆಯಲ್ಲಿ ಪಿಸುಗುಟ್ಟಿದ್ದು ಗೋಡೆ ದಾಟಿತ್ತು. ಬೇರೆ ವಿಷಯ ತಗೋ ಎಂದೆ. ‘ವಿಷಯ ಬದಲಾಯಿಸೋ ಹಾಗಿಲ್ಲ, ನೀವೇ ಹೇಳಿದ್ದು’ ಎಂದಳು. ಸರಿ, ನಿನ್ನದು ಯಾವ ಪಕ್ಷ ಎಂದೆ. ‘ನಾನು ಅಜ್ಜನ ಕಡೆ. ನೀವು ಅಪ್ಪನ ಕಡೆ.’ ಹೀಗೆ, ಅಳಿಯಂದಿರೇ, ಹಾಳೆಯ ಮೇಲೆ ಬಾರದೇಹೋದ ನಿಮ್ಮ ಪೂರ್ವಪಕ್ಷವನ್ನು ನಾನು ನಡುರಸ್ತೆಯಲ್ಲಿ ದೀಪದ ಕಂಬದ ಎದುರು ನಿಂತು ಮಂಡಿಸಬೇಕಾಯಿತು. ಕಳ್ಳಾಟ ಆಡುವುದು ನನಗೆ ಬಾರದು. ಆಡಿದರೆ ಅವಳು ಹಿಡಿಯುತ್ತಾಳೆ. ಮಗು ಮೊದಲು ತಂದೆಯದು ಎಂದೆ. ದೊಡ್ಡವಳಾದಂತೆ ಅವಳು ಕೇಳುವ ಪ್ರಶ್ನೆಗಳು ಬೇರೆಯಾಗುತ್ತವೆ ಎಂದೆ. ಅವಳ ಅಮ್ಮ ಚಿಕ್ಕವಳಿದ್ದಾಗ ಹೇಗಿದ್ದಳೆಂದು ಅಜ್ಜ ಹೇಳಬಲ್ಲ, ಆದರೆ ಅಮ್ಮ ಅಮ್ಮನಾಗಿ ಹೇಗಿದ್ದಳು, ಯಾವ ಮಾತಿಗೆ ನಗುತ್ತಿದ್ದಳು, ಗುಡ್ಡದ ಮೇಲೆ ದಣಿದಾಗ ಏನೆನ್ನುತ್ತಿದ್ದಳು ಎಂಬುದು ಅಪ್ಪನೊಬ್ಬನಿಗೇ ಗೊತ್ತು, ಎಂದೆ. ಈ ವಾದವನ್ನು ನಾನು ಮೊದಲೇ ಯೋಚಿಸಿರಲಿಲ್ಲ, ಹೇಳುತ್ತಿದ್ದಂತೆಯೇ ಬಂತು. ಅಲ್ಲಿಗೆ ನನ್ನ ಮಾತು ನಿಂತಿತು. ಅವಳು ಕಾಯಿ ಅಲ್ಲಾಡಿಸುವ ಅಗತ್ಯವೇ ಬೀಳಲಿಲ್ಲ.

ಆಮೇಲೆ ಅವಳು ಮೊಣಕೈ ಹಿಡಿದು ನಿಂತಳು. ‘ಅಧ್ಯಕ್ಷರೇ, ಗಿಲಕಿ ಅಜ್ಜನ ಮನೇಲೇ ಇರಬೇಕು. ಮೊದಲು ಎದುರಿನವರು ಏನು ಹೇಳ್ತಾರೆ ಅಂದ್ರೆ, ಅಪ್ಪ ಒಬ್ರೇ ಊಟ ಮಾಡ್ತಾರೆ. ಅಜ್ಜಂಗೆ ಅಜ್ಜಿ ಇದಾರೆ. ಅಜ್ಜಿಗೆ ಅಜ್ಜ ಇದಾರೆ. ಅಪ್ಪಂಗೆ ಯಾರೂ ಇಲ್ಲ. ಇದಕ್ಕೆ ನಮ್ಮ ಉತ್ತರ ಏನು ಅಂದ್ರೆ...’ ಎಂದು ತಡೆದಳು. ಕಂಬವನ್ನು ನೋಡಿದಳು. ಹಲ್ಲು ಬಿದ್ದ ಸಂದಿಯಲ್ಲಿ ನಾಲಿಗೆ ತೂರಿಸಿ ಯೋಚಿಸಿದಳು. ಕೊನೆಗೆ ನನ್ನ ತೋಳು ಜಗ್ಗಿ, ಮೆಲ್ಲಗೆ, ಅಧ್ಯಕ್ಷರಿಗೆ ಕೇಳದಂತೆ, ‘ಅಜ್ಜ, ಇದಕ್ಕೆ ಏನಂತ ಹೇಳ್ಬೇಕು? ಹೇಳ್ಕೊಡಿ’ ಎಂದಳು.

ನನ್ನ ಪಕ್ಷದ ವಾದವನ್ನು ನನಗೇ ಹೇಳಿಕೊಡಲಾಗಲಿಲ್ಲ. ‘ನಾಳೆ ನೋಡೋಣ’ ಎಂದೆ. ಸೋತವರು ಕಾಲಾವಕಾಶ ಕೇಳುವುದು ಎಲ್ಲ ಸಭೆಗಳಲ್ಲೂ ಇದ್ದದ್ದೇ. ಶುಕ್ರವಾರ ಅವಳು ವಿಷಯ ಕೇಳಲಿಲ್ಲ, ನಾನೂ ಕೊಡಲಿಲ್ಲ. ಕೈ ಹಿಡಿದುಕೊಂಡು ನಡೆದು ಬಂದೆವು.

ಇನ್ನು ಕೆಲವು ವಿಷಯಗಳನ್ನು ಬರೆಯುತ್ತೇನೆ. ಇದನ್ನು ಕೇವಲ ಮಾಹಿತಿ ಎಂದು ತಿಳಿಯತಕ್ಕದ್ದು. ಹಾಲಿನ ಮೇಲೆ ಕೆನೆ ಕಂಡರೆ ಅವಳು ಲೋಟ ಮುಟ್ಟುವುದಿಲ್ಲ, ಸೋಸಿಯೇ ಕೊಡಬೇಕು. ಸುಳ್ಳು ಹೇಳುವಾಗ ಮಾತಿನ ವೇಗ ಹೆಚ್ಚುತ್ತದೆ. ನಿಲ್ಲಿಸಿ ಮತ್ತೆ ಮೊದಲಿನಿಂದ ಹೇಳು ಎಂದರೆ ತಾನಾಗಿಯೇ ನಿಜ ಹೇಳುತ್ತಾಳೆ. ಜ್ವರ ಬರುವ ಹಿಂದಿನ ದಿನ ಅತಿಯಾಗಿ ವಿಧೇಯಳಾಗಿರುತ್ತಾಳೆ, ಆಗ ಎಚ್ಚರವಾಗಿರಬೇಕು. ಜಡೆ ಎಳೆದು ಕಟ್ಟಿದರೆ ತಲೆನೋವು ಎನ್ನುತ್ತಾಳೆ, ಸಡಿಲ ಬಿಟ್ಟರೆ ಬಿಚ್ಚಿಕೊಳ್ಳುತ್ತಾಳೆ. ಎರಡರ ನಡುವಿನ ಹದವನ್ನು ನಿಮ್ಮ ಅತ್ತೆ ಕೈಯಲ್ಲೇ ತೋರಿಸಬೇಕು, ಕಾಗದದಲ್ಲಿ ಬರೆಯಲಾಗದು. ಮೊದಲೆಲ್ಲ ಮುಂಜಾನೆ ಎದ್ದು ಅಮ್ಮ ಎಲ್ಲಿ ಎಂದು ಕೇಳುತ್ತಿದ್ದಳು. ಈಗ ಕೇಳುವುದಿಲ್ಲ. ಕೇಳದಿರುವುದು ಒಳ್ಳೆಯದೆಂದು ನಾನು ಇಷ್ಟು ದಿನ ಭಾವಿಸಿದ್ದೆ. ನೀವು ಆ ಮಾತು ಎತ್ತಿದರೆ ಕೇಳಿಯಾಳು.

ನಿಮ್ಮ ಅತ್ತೆ ಆಶೀರ್ವಾದ ತಿಳಿಸಿದ್ದಾಳೆ, ಮೊಣಕಾಲಿಗೆ ಬಿಸಿ ಎಣ್ಣೆ ಹಚ್ಚಿಕೊಳ್ಳಬೇಕೆಂದೂ. ಗಿಲಕಿ ಪಕ್ಕದ ಕೋಣೆಯಲ್ಲಿ ದೋಣಿಯಿರುವ ಹೂವಿನ ಚಿತ್ರ ಬರೆಯುತ್ತಿದ್ದಾಳೆ. ಮುಗಿದರೆ ಇದರೊಂದಿಗೆ ಇಡುತ್ತೇನೆ. ನಿಮ್ಮ ಕಾಲಿಗೆ ಬಲ, ಕೆಲಸಕ್ಕೆ ಒಳ್ಳೆಯ ಬಿಸಿಲು, ಊಟಕ್ಕೆ ಹೊತ್ತು ದೊರೆಯಲೆಂದು ಹರಸುವ,

ನಿಮ್ಮ ಮಾವ

ಮರೆತಿದ್ದೆ: ಅಂಟಿಸುವ ಮುನ್ನ ನಿಮ್ಮ ಅತ್ತೆ ಕಾಗದ ಕಿತ್ತುಕೊಂಡು ಓದಿದಳು. ‘ಇಷ್ಟುದ್ದ ಬರ್ದಿದೀರಿ, ಹೂಂ ಅಂತಲೋ ಊಹೂಂ ಅಂತಲೋ ಎಲ್ಲಿದೆ? ಪಾಪ, ಅವರು ಗುಡ್ಡದ ಮೇಲೆ ಕೂತು ಹುಡುಕ್ಬೇಕಾ?’ ಎನ್ನುತ್ತಿದ್ದಾಳೆ. ಹೂಂ. ರಜೆ ಶುರುವಾದ ಕೂಡಲೇ ಬಂದು ಕರೆದುಕೊಂಡು ಹೋಗಿ. ಅವಳಿಗೆ ಇನ್ನೂ ಹೇಳಿಲ್ಲ. ನೀವೇ ಬಂದು ಹೇಳಬೇಕು, ಆ ಒಂದು ಮಾತು ನನ್ನಿಂದಾಗದು. ಬರುವುದಾದರೆ ಬೆಳಗಿನ ಬಸ್ಸಿಗೆ ಬಂದು ಮಧ್ಯಾಹ್ನದ ಬಸ್ಸಿಗೇ ಹೊರಡಿ. ಸಂಜೆ ಬಂದಿರೋ, ಇನ್ನೊಂದು ದಿನ ಇರಲಿ ಎಂದು ನಾನು ವಾದ ಹೂಡುತ್ತೇನೆ, ಮತ್ತು ನೀವು ಸೋಲುತ್ತೀರಿ.